ಇಯರ್‌ಫೋನ್ ಹಾಕಿಕೊಂಡು ಓದಿದರೆ ಮಾರ್ಕ್ಸ್ ಬರುತ್ತಾ?

ಪರೀಕ್ಷೆ ಹತ್ತಿರ ಬಂತೆಂದರೆ ಯೂಟ್ಯೂಬ್‌ನಲ್ಲಿ ಒಂದು ಬಗೆಯ ವಿಡಿಯೊಗಳಿಗೆ ಸುಗ್ಗಿ. ‘ಏಕಾಗ್ರತೆಗೆ ಆಲ್ಫಾ ತರಂಗ’, ‘ನೆನಪಿನ ಶಕ್ತಿಗೆ ಮೂರು ಗಂಟೆಯ ಸಂಗೀತ’, ‘ಜೀನಿಯಸ್ ಆಗಲು ಮೊಜಾರ್ಟ್’... ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಓದಲು ಕೂತವರಲ್ಲಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳದವರನ್ನು ಹುಡುಕಬೇಕು. ಕೆಲವರಿಗೆ ಅರ್ಜಿತ್ ಸಿಂಗ್, ಕೆಲವರಿಗೆ ಲೋ-ಫೈ, ನಮ್ಮ ರೂಮಿನ ಒಬ್ಬನಿಗೆ ಮಾತ್ರ ಅಣ್ಣಾವ್ರ ಹಾಡೇ ಆಗಬೇಕು. ‘ಹಾಡಿಲ್ಲದೆ ಓದಿದರೆ ತಲೆಗೆ ಹತ್ತಲ್ಲ ಕಣೋ’ ಎನ್ನುವುದು ಎಲ್ಲರ ಒಕ್ಕೊರಲ ಮಾತು.

ಈ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದ ನಾವು ನಾಲ್ವರು ಇದನ್ನೇ ಕೈಗೆತ್ತಿಕೊಂಡೆವು. ಸಂಗೀತ ಕೇಳಿದರೆ ಮಿದುಳಿಗೆ ಏನಾಗುತ್ತದೆ? ಓದಿಗೆ ಅದು ನೆರವೋ, ತೊಡಕೋ? ಹಳೆಯ ಸಂಶೋಧನಾ ಪ್ರಬಂಧಗಳನ್ನು ಓದುತ್ತ ಹೋದಂತೆ ನನಗೆ ಖುಷಿ ಕೊಟ್ಟ ಸಂಗತಿಯೊಂದಿದೆ. ಈ ಕಥೆ ತಿರುವು ಪಡೆದ ಕಡೆಯಲ್ಲೆಲ್ಲ ನಮ್ಮಂಥ ವಿದ್ಯಾರ್ಥಿಗಳು ಕಾಣಿಸುತ್ತಾರೆ. ಕೆಲವೆಡೆ ಪ್ರಯೋಗಕ್ಕೆ ಕೂತವರಾಗಿ, ಕೆಲವೆಡೆ ಪ್ರಯೋಗ ಮಾಡಿದವರಾಗಿ. ದೊಡ್ಡ ದೊಡ್ಡವರು ನಂಬಿದ್ದನ್ನು ಅಲುಗಾಡಿಸಲು ಅವರಿಗೆ ಕೋಟಿ ರೂಪಾಯಿಯ ಯಂತ್ರವೇನೂ ಬೇಕಾಗಿರಲಿಲ್ಲ. ‘ಹೋಲಿಸುತ್ತಿರುವುದು ಯಾವುದರ ಜೊತೆ?’ ಎಂಬ ಸಾದಾ ಪ್ರಶ್ನೆಯೊಂದು ಸಾಕಾಗಿತ್ತು.

ಮೊದಲು ಮೊಜಾರ್ಟ್ ವಿಷಯಕ್ಕೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನಲ್ಲಿ ಫ್ರಾನ್ಸಿಸ್ ರೌಷರ್, ಭೌತವಿಜ್ಞಾನಿ ಗಾರ್ಡನ್ ಶಾ ಮತ್ತವರ ಸಹೋದ್ಯೋಗಿ 36 ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಒಂದು ಪ್ರಯೋಗ ಮಾಡಿದರು. ಒಮ್ಮೆ ಹತ್ತು ನಿಮಿಷ ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟಾ ಕೇಳಿಸಿದರು. ಇನ್ನೊಮ್ಮೆ ಮೈಮನಸ್ಸನ್ನು ಸಡಿಲಿಸಿ ಎಂದು ಹೇಳುವ ಟೇಪು. ಮತ್ತೊಮ್ಮೆ ಹತ್ತು ನಿಮಿಷ ಬರೀ ಮೌನ. ಪ್ರತಿ ಸಲವೂ ಆಮೇಲೊಂದು ಪರೀಕ್ಷೆ. ಮೊಜಾರ್ಟ್ ಕೇಳಿದ ಮೇಲೆ ಬಂದ ಅಂಕವನ್ನು ಐಕ್ಯೂ ಲೆಕ್ಕಕ್ಕೆ ತಂದಾಗ 119; ಟೇಪಿನ ನಂತರ 111; ಮೌನದ ನಂತರ 110. 1993ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದೇ ಪುಟದ ವರದಿಯಾಗಿ ಇದು ಬಂತು.

ಆ ಪರೀಕ್ಷೆ ಎಂಥದ್ದು ಗೊತ್ತೇ? ಎಸ್ಎಸ್‌ಸಿ, ರೈಲ್ವೆ ಪರೀಕ್ಷೆಗೆ ಓದುವವರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಕಾಗದವನ್ನು ಹೀಗೆ ಮಡಚಿ, ಹಾಗೆ ಮಡಚಿ, ಇಲ್ಲಿ ಕತ್ತರಿಸಿದರೆ, ಬಿಚ್ಚಿದಾಗ ಯಾವ ಆಕಾರ ಕಾಣುತ್ತದೆ ಎಂದು ಕೇಳುತ್ತಾರಲ್ಲ, ರೀಸನಿಂಗ್ ಪುಸ್ತಕದ ಕೊನೆಯ ಅಧ್ಯಾಯ, ಅದು. ಒಟ್ಟಾರೆ ಬುದ್ಧಿವಂತಿಕೆಯನ್ನು ಅಲ್ಲಿ ಯಾರೂ ಅಳೆದಿರಲಿಲ್ಲ. ಪರಿಣಾಮ ಉಳಿದದ್ದೂ ಹತ್ತು-ಹದಿನೈದು ನಿಮಿಷ. ಇದನ್ನೆಲ್ಲ ಸಂಶೋಧಕರೇ ಬರೆದಿದ್ದರು. ಆದರೆ ಸುದ್ದಿ ಬಾಯಿಂದ ಬಾಯಿಗೆ ಹರಿದಾಗ ‘ಹತ್ತು ನಿಮಿಷ’ ಬಿದ್ದುಹೋಯಿತು, ‘ಕಾಗದ ಮಡಚುವ ಲೆಕ್ಕ’ವೂ ಬಿದ್ದುಹೋಯಿತು, ‘ಮೊಜಾರ್ಟ್ ಕೇಳಿದರೆ ಬುದ್ಧಿ ಬರುತ್ತದೆ’ ಎಂಬುದಷ್ಟೇ ಉಳಿಯಿತು. 1997ರಲ್ಲಿ ಡಾನ್ ಕ್ಯಾಂಬೆಲ್ ಎಂಬ ಲೇಖಕ ‘ದ ಮೊಜಾರ್ಟ್ ಎಫೆಕ್ಟ್’ ಎಂದು ಪುಸ್ತಕವನ್ನೇ ಬರೆದು, ಆ ಹೆಸರಿಗೆ ಟ್ರೇಡ್‌ಮಾರ್ಕ್ ಕೂಡ ಮಾಡಿಸಿಕೊಂಡರು. ಮರುವರ್ಷ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಒಂದು ಸಿ.ಡಿ. ಕೊಡಲು ಬಜೆಟ್‌ನಲ್ಲಿ 1 ಲಕ್ಷ 5 ಸಾವಿರ ಡಾಲರ್ ಕೇಳಿದರು. ಮೂಲ ಪ್ರಯೋಗದಲ್ಲಿ ಒಂದಾದರೂ ಮಗು ಇತ್ತೇ ಎಂದರೆ, ಇರಲಿಲ್ಲ! ಶಾಸಕರನ್ನು ಒಪ್ಪಿಸಲು ಗವರ್ನರ್ ಸಭೆಯಲ್ಲಿ ಕೇಳಿಸಿದ್ದು ಮೊಜಾರ್ಟ್ ಅಲ್ಲ, ಬೀಥೋವನ್ ಎನ್ನುವುದು ಇನ್ನೊಂದು ತಮಾಷೆ.

ಇಲ್ಲಿ ಕೆನಡಾದ ಒಬ್ಬ ವಿದ್ಯಾರ್ಥಿನಿ ಬರುತ್ತಾರೆ. ವಿಂಡ್ಸರ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಕ್ರಿಸ್ಟಿನ್ ನಾಂಟೈಸ್ 1997ರಲ್ಲಿ ತಮ್ಮ ಪ್ರಬಂಧಕ್ಕೆ ಇದನ್ನೇ ವಿಷಯವಾಗಿ ಆರಿಸಿಕೊಂಡರು. ಮೊದಲು ಅವರು ಹಳೆಯ ಪ್ರಯೋಗವನ್ನೇ ಮತ್ತೆ ಮಾಡಿ ನೋಡಿದರು. ಮೊಜಾರ್ಟ್ ಕೇಳಿದವರು ಸುಮ್ಮನೆ ಕೂತವರಿಗಿಂತ ಚೆನ್ನಾಗಿ ಮಾಡಿದರು. ಆದರೆ ಶೂಬರ್ಟ್ ಕೇಳಿದವರೂ ಅಷ್ಟೇ ಚೆನ್ನಾಗಿ ಮಾಡಿದರು. ಹಾಗಿದ್ದರೆ ಇದರಲ್ಲಿ ಮೊಜಾರ್ಟ್‌ನ ವಿಶೇಷವೇನು?

ನನಗೆ ತುಂಬ ಹಿಡಿಸಿದ್ದು ಅವರ ಎರಡನೇ ಪ್ರಯೋಗ. ಮೌನವನ್ನು ತೆಗೆದು, ಆ ಜಾಗದಲ್ಲಿ ಒಂದು ಕಥೆಯನ್ನು ಇಟ್ಟರು. ಸ್ಟೀಫನ್ ಕಿಂಗ್ ಬರೆದ ಸಣ್ಣ ಕಥೆಯೊಂದನ್ನು ಓದಿ ಕೇಳಿಸುವುದು, ಆಮೇಲೆ ಅದೇ ಕಾಗದ ಮಡಚುವ ಲೆಕ್ಕ ಕೊಡುವುದು. ಈಗ ಮೊಜಾರ್ಟ್‌ಗೂ ಕಥೆಗೂ ವ್ಯತ್ಯಾಸವೇ ಇಲ್ಲ! ‘ನಿಮಗೆ ಯಾವುದು ಇಷ್ಟವಾಯಿತು’ ಎಂದು ಕೇಳಿ ವಿಂಗಡಿಸಿದಾಗ ಮಾತ್ರ ಚಿತ್ರ ಸ್ಪಷ್ಟವಾಯಿತು. ಸಂಗೀತ ಇಷ್ಟಪಟ್ಟವರು ಸಂಗೀತದ ನಂತರ ಚೆನ್ನಾಗಿ ಮಾಡಿದ್ದರು. ಕಥೆ ಇಷ್ಟಪಟ್ಟವರು ಕಥೆಯ ನಂತರ. ಮಾರ್ಗದರ್ಶಕ ಗ್ಲೆನ್ ಶೆಲೆನ್‌ಬರ್ಗ್ ಜೊತೆ ಸೇರಿ ಬರೆದ ಈ ಪ್ರಬಂಧ 1999ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸ್ವಲ್ಪ ಯೋಚಿಸಿ ನೋಡಿ. ಹತ್ತು ನಿಮಿಷ ಏನೂ ಮಾಡದೆ ಗೋಡೆ ನೋಡುತ್ತ ಕೂತರೆ ಯಾರಿಗಾದರೂ ಆಕಳಿಕೆ ಬರುತ್ತದೆ. ಆ ಆಕಳಿಕೆಯ ಜೊತೆ ಹೋಲಿಸಿದರೆ ಮೊಜಾರ್ಟ್ ಏನು, ಊರ ಜಾತ್ರೆಯ ಡೊಳ್ಳು ಕೂಡ ಬುದ್ಧಿಯನ್ನು ಚುರುಕು ಮಾಡಿದಂತೆಯೇ ಕಾಣಬಹುದು. 2001ರಲ್ಲಿ ಇದೇ ಶೆಲೆನ್‌ಬರ್ಗ್ ಮತ್ತು ಸಂಗಡಿಗರು ಮೊಜಾರ್ಟ್‌ನ ಲವಲವಿಕೆಯ ಸೊನಾಟಾದ ಪಕ್ಕದಲ್ಲಿ ಅಲ್ಬಿನೋನಿಯದೆಂದು ಹೆಸರಾದ ನಿಧಾನಗತಿಯ, ದುಃಖದ ಅಡಾಜಿಯೊ ಒಂದನ್ನು ಇಟ್ಟರು. ಮೊಜಾರ್ಟ್ ಅಂಕ ಏರಿಸಿತು, ಅಡಾಜಿಯೊ ಏರಿಸಲಿಲ್ಲ. ಕೇಳುಗರ ಮನಸ್ಥಿತಿ ಮತ್ತು ಎಚ್ಚರದ ಮಟ್ಟವನ್ನು ಲೆಕ್ಕದಿಂದ ಕಳೆದಾಗ ಆ ವ್ಯತ್ಯಾಸ ಮಾಯವಾಯಿತು. ಮರುವರ್ಷ ಅದೇ ಸೊನಾಟಾವನ್ನೇ ವೇಗವಾಗಿ, ನಿಧಾನವಾಗಿ, ಮೇಜರ್‌ನಲ್ಲಿ, ಮೈನರ್‌ನಲ್ಲಿ ಹೀಗೆ ನಾಲ್ಕು ಬಗೆಯಲ್ಲಿ ಕೇಳಿಸಿ ನೋಡಿದರು. ವೇಗದ ಮೊಜಾರ್ಟ್ ಕೆಲಸ ಮಾಡಿತು, ಎಳೆದಾಡಿದ ಮೊಜಾರ್ಟ್ ಅಷ್ಟಾಗಿ ಮಾಡಲಿಲ್ಲ. ಅಂದರೆ ಇದು ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದ ಹಾಗೆ. ಮನಸ್ಸು ಉಲ್ಲಾಸವಾಗಿದ್ದರೆ, ನಿದ್ದೆ ಹಾರಿದ್ದರೆ, ಸ್ವಲ್ಪ ಹೊತ್ತು ಲೆಕ್ಕ ಚೆನ್ನಾಗಿ ಮಾಡುತ್ತೇವೆ. ಅದಕ್ಕೆ ಮೊಜಾರ್ಟೇ ಆಗಬೇಕೆಂದಿಲ್ಲ.

ಬೇರೆ ಬೇರೆ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದವರೂ ಇದ್ದಾರೆ. 1999ರಲ್ಲಿ ಕ್ರಿಸ್ಟೋಫರ್ ಶಬ್ರಿ 16 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಐಕ್ಯೂ ಏರಿಕೆ 1.4 ಅಂಕಕ್ಕೆ ಇಳಿದಿತ್ತು. 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದವರು 40ಕ್ಕೆ ಹತ್ತಿರದಷ್ಟು ಅಧ್ಯಯನಗಳನ್ನು, 3000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜಾಲಾಡಿ ಹೆಚ್ಚುಕಡಿಮೆ ಇದೇ ಮಾತು ಹೇಳಿದರು. ಮೊಜಾರ್ಟ್ ಬದುಕಿ ಬಾಳಿದ ಊರಿನವರೇ ಹೀಗೆ ಹೇಳಿದ ಮೇಲೆ ಇನ್ನೇನಿದೆ!

ಆದರೆ ನಮ್ಮ ಹಾಸ್ಟೆಲ್‌ನ ಪ್ರಶ್ನೆ ಬೇರೆ. ಅಲ್ಲಿ ಹಾಡು ಕೇಳಿ ಮುಗಿಸಿ ಓದಲು ಕೂರುವವರು ಕಡಿಮೆ, ಕೇಳುತ್ತಲೇ ಓದುವವರು ಜಾಸ್ತಿ. ಇವೆರಡೂ ಒಂದೇ ಅಲ್ಲ ಎನ್ನುವುದು ಕಾರ್ಡಿಫ್‌ನಿಂದ ಬಂದ ಒಂದು ಪ್ರಬಂಧ ಓದಿದಾಗ ಸ್ಪಷ್ಟವಾಯಿತು. ಬ್ರಿಟನ್ನಿನ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ನಿಕ್ ಪೆರಮ್ ಮತ್ತು ಜೋಆನ್ ವಿಝಾರ್ಡ್ ಮಾಡಿದ ಪ್ರಯೋಗ ಅದು, ಪ್ರಕಟವಾದದ್ದು 2011ರಲ್ಲಿ. ಪರದೆಯ ಮೇಲೆ ಎಂಟು ಇಂಗ್ಲಿಷ್ ವ್ಯಂಜನಗಳು ಒಂದೊಂದಾಗಿ ಬರುತ್ತವೆ. ಅವನ್ನು ಬಂದ ಅನುಕ್ರಮದಲ್ಲೇ ನೆನಪಿಟ್ಟು ಬರೆಯಬೇಕು. ಆ ಹೊತ್ತಿನಲ್ಲಿ ಕಿವಿಯಲ್ಲಿ ಒಂದು ಸಲ ಏನೂ ಇಲ್ಲ. ಇನ್ನೊಂದು ಸಲ ಅವರವರೇ ಆರಿಸಿ ತಂದ ಇಷ್ಟದ ಹಾಡು. ಲೇಡಿ ಗಾಗಾ, ರಿಹಾನ್ನಾ ಇತ್ಯಾದಿ. ಮತ್ತೊಂದು ಸಲ ಕಿವಿ ಹರಿಯುವಂಥ ಥ್ರ್ಯಾಶ್ ಮೆಟಲ್. ಅದನ್ನು ಇಷ್ಟಪಡದವರನ್ನೇ ಹುಡುಕಿ ಕರೆತಂದಿದ್ದರು. ಜೊತೆಗೆ ಎರಡು ಧ್ವನಿಗಳು: ‘ಮೂರು, ಮೂರು, ಮೂರು’ ಎಂದು ಒಂದೇ ಸಂಖ್ಯೆಯನ್ನು ಹೇಳುತ್ತಲೇ ಇರುವ ದನಿಯೊಂದು, ಸಿಕ್ಕಸಿಕ್ಕ ಸಂಖ್ಯೆ ಹೇಳುವ ದನಿ ಇನ್ನೊಂದು.

ಫಲಿತಾಂಶ ನೋಡಿ. ಮೌನದಲ್ಲಿ ಮತ್ತು ‘ಮೂರು, ಮೂರು’ ಕೇಳುತ್ತಿದ್ದಾಗ ನೆನಪು ಚೆನ್ನಾಗಿತ್ತು. ಸಿಕ್ಕಸಿಕ್ಕ ಸಂಖ್ಯೆ ಕೇಳಿದಾಗ ಕೆಟ್ಟಿತು, ಹಾಡು ಕೇಳಿದಾಗಲೂ ಕೆಟ್ಟಿತು. ಇಷ್ಟದ ಹಾಡಾದರೂ ಅಷ್ಟೇ, ಕಂಡರಾಗದ ಹಾಡಾದರೂ ಅಷ್ಟೇ!

ಯಾಕೆ ಹೀಗೆ? ಮೊಬೈಲ್‌ಗೆ ಬಂದ ಒಟಿಪಿಯನ್ನು ನೋಡಿ, ಇನ್ನೊಂದು ಪರದೆಯಲ್ಲಿ ಒತ್ತುವ ತನಕ ನಾವೇನು ಮಾಡುತ್ತೇವೆ? ಮನಸ್ಸಿನಲ್ಲೇ ‘ನಾಲ್ಕು ಏಳು ಎರಡು ಒಂಬತ್ತು’ ಎಂದು ಗುನುಗುತ್ತಿರುತ್ತೇವೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರಾದರೂ ‘ಬಸ್ ಎಷ್ಟು ಗಂಟೆಗೆ, ಐದೂವರೆಗಾ?’ ಎಂದರೆ ಒಟಿಪಿ ಕಲಸಿಹೋಯಿತು. ಒಳಗಿನ ಆ ಗುನುಗಿಗೂ ಹೊರಗಿಂದ ಬರುವ ಮಾತಿಗೂ ಮಿದುಳಿನಲ್ಲಿ ಇರುವುದು ಒಂದೇ ಓಣಿ ಎಂದುಕೊಳ್ಳಿ. ಹೊರಗಿನ ಸದ್ದು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಒಳಗಿನ ಅನುಕ್ರಮ ತಪ್ಪುತ್ತದೆ. ಫ್ಯಾನಿನ ಗುಂಯ್ ಸದ್ದು ಹಾಗೆ ಬದಲಾಗುವುದಿಲ್ಲ, ಅದಕ್ಕೇ ಅದು ತೊಂದರೆ ಕೊಡುವುದಿಲ್ಲ. ‘ನಾನು ಅರ್ಥವಾಗದ ಕೊರಿಯನ್ ಹಾಡು ಹಾಕಿಕೊಳ್ತೀನಲ್ಲ’ ಎನ್ನುವ ಗೆಳತಿಯರಿಗೂ ಒಂದು ಹಳೆಯ ಉತ್ತರವಿದೆ. 1976ರಷ್ಟು ಹಿಂದೆಯೇ ಅಮೆರಿಕದ ಕಾಲೆ ಮತ್ತು ವೆಲ್ಶ್ ಎಂಬಿಬ್ಬರು ಜರ್ಮನ್ ಬಾರದವರಿಗೆ ಜರ್ಮನ್ ಓದನ್ನು ಕೇಳಿಸಿ, ಆಗಲೂ ನೆನಪು ಕೆಡುತ್ತದೆ ಎಂದು ತೋರಿಸಿದ್ದರು. ಅರ್ಥವಾಗಲೇಬೇಕೆಂದಿಲ್ಲ, ಮಾತಿನಂತೆ ಏರಿಳಿದರೆ ಸಾಕು.

2014ರಲ್ಲಿ ಪೆರಮ್ ಮತ್ತು ಹ್ಯಾರಿಯೆಟ್ ಕರಿ ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳ ಮೇಲೂ ಇದನ್ನು ಪರೀಕ್ಷಿಸಿದರು. ಸಾಹಿತ್ಯ ಇರುವ ಹಾಡು, ಇಷ್ಟವಿರಲಿ ಬಿಡಲಿ, ಅಂಕ ಕಡಿಮೆ ಮಾಡಿತು. ಮಾತಿಲ್ಲದ ಸಂಗೀತ ಅದಕ್ಕಿಂತ ವಾಸಿ. ಹಾಗೆಂದು ಹಾಡು ಎಲ್ಲ ಕೆಲಸಕ್ಕೂ ಶತ್ರುವೇನಲ್ಲ. ಹಿನ್ನೆಲೆ ಸಂಗೀತದ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು ಕೂಡಿಸಿ ಜರ್ಮನಿಯ ಸಂಶೋಧಕರು 2011ರಲ್ಲಿ ಬರೆದ ಪ್ರಬಂಧದಲ್ಲಿ ಒಟ್ಟು ಪರಿಣಾಮ ಸೊನ್ನೆಯ ಹತ್ತಿರವೇ ಇದೆ. ಓದಿಗೆ ತೊಡಕು, ಕಸರತ್ತಿಗೆ ನೆರವು. ಕೂಡಿ ಕಳೆದರೆ ಏನೂ ಉಳಿಯುವುದಿಲ್ಲ. ರೆಕಾರ್ಡ್ ಬುಕ್ ಕಾಪಿ ಮಾಡುವಾಗ, ಬಟ್ಟೆ ಒಗೆಯುವಾಗ ಧಾರಾಳವಾಗಿ ಕೇಳಿ. ಸೂತ್ರ ಬಾಯಿಪಾಠ ಮಾಡುವಾಗ, ಇತಿಹಾಸದ ಇಸವಿಗಳನ್ನು ಸಾಲಾಗಿ ನೆನಪಿಟ್ಟುಕೊಳ್ಳುವಾಗ ಕಿವಿಯಿಂದ ತೆಗೆದಿಡಿ. ಆ್ಯಪ್ಟಿಟ್ಯೂಡ್ ಟೆಸ್ಟ್‌ಗೆ ಹೋಗುವ ಬಸ್ಸಿನಲ್ಲಿ ಇಷ್ಟದ ಹಾಡು ಕೇಳಿಕೊಂಡು ಹೋದರೆ ನಷ್ಟವೇನಿಲ್ಲ, ಒಂದಿಷ್ಟು ಲಾಭವೂ ಇರಬಹುದು. ಇದು ನನ್ನ ತೀರ್ಮಾನ.

‘ಓದುವಾಗ ಹಾಡು ಇದ್ದರೆ ಎಷ್ಟು ಖುಷಿಯಾಗುತ್ತೆ, ಅದು ಸುಳ್ಳಾ?’ ಎಂದು ರೂಮ್‌ಮೇಟ್ ಕೇಳಿದ. ಸುಳ್ಳಲ್ಲ. ಆ ಖುಷಿಯನ್ನೇ ಬೆನ್ನುಹತ್ತಿದ ವಿದ್ಯಾರ್ಥಿನಿಯೊಬ್ಬರಿದ್ದಾರೆ. ವ್ಯಾಲರಿ ಸಲಿಂಪೂರ್ ಪದವಿ ಮುಗಿಸಿ, ಮುಂದೇನು ಎಂದು ತೋಚದೆ ಕಾರು ಓಡಿಸುತ್ತಿದ್ದಾಗ ರೇಡಿಯೊದಲ್ಲಿ ಬ್ರಾಮ್ಸ್‌ನ ಹಂಗೇರಿಯನ್ ಡ್ಯಾನ್ಸ್ ಐದನೆಯದು ಬಂತಂತೆ. ಮೈ ಜುಮ್ಮೆಂದು, ಕಾರನ್ನು ಬದಿಗೆ ನಿಲ್ಲಿಸಿ ಕೇಳಿದರಂತೆ. ಮುಂದೇನು ಎಂಬ ಆ ಪ್ರಶ್ನೆ ನಮ್ಮಲ್ಲಿ ಎಷ್ಟು ಜನರಿಗೆ ಇಲ್ಲ! ಅವರಿಗೆ ಮಾತ್ರ ಉತ್ತರ ಆ ಹಾಡಿನಲ್ಲೇ ಸಿಕ್ಕಿತು: ಬರೀ ಗಾಳಿಯ ಕಂಪನ ಮನುಷ್ಯನಿಗೆ ಹೀಗೆ ಮಾಡುವುದು ಹೇಗೆ ಎಂದು ಕಂಡುಹಿಡಿಯುವುದು.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಝಟೋರೆ ಅವರ ಪ್ರಯೋಗಾಲಯ ಸೇರಿ ಪಿಎಚ್‌.ಡಿ. ಮಾಡುತ್ತಿದ್ದಾಗ ಅವರು ನಡೆಸಿದ ಅಧ್ಯಯನ 2011ರಲ್ಲಿ ‘ನೇಚರ್ ನ್ಯೂರೊಸೈನ್ಸ್’ನಲ್ಲಿ ಬಂತು. ಸಂಗೀತ ಕೇಳಿದಾಗ ತಪ್ಪದೆ ರೋಮಾಂಚನಗೊಳ್ಳುವವರು ಬೇಕಾಗಿತ್ತು. ಜಾಹೀರಾತು ನೋಡಿ ಬಂದವರು 200ಕ್ಕೂ ಹೆಚ್ಚು, ಸೋಸಿ ಸೋಸಿ ಕೊನೆಗೆ ಉಳಿದವರು 8 ಮಂದಿ. ಅವರವರ ಇಷ್ಟದ, ಮಾತಿಲ್ಲದ ಸಂಗೀತವನ್ನು ಅವರೇ ತಂದರು. ಪೆಟ್ ಸ್ಕ್ಯಾನ್‌ನಲ್ಲಿ ಮಿದುಳನ್ನು ನೋಡಿದಾಗ, ಊಟ ಮಾಡಿದಾಗ, ಬಹುಮಾನ ಸಿಕ್ಕಾಗ ಒಸರುವ ಡೋಪಮಿನ್ ರಾಸಾಯನಿಕ ಇಲ್ಲೂ ಒಸರುವುದು ಕಂಡಿತು. ಅದೂ ಎರಡು ಹಂತದಲ್ಲಿ. ರೋಮಾಂಚನದ ಕ್ಷಣ ಬರುವುದಕ್ಕೆ ಕೆಲವು ಸೆಕೆಂಡು ಮುಂಚೆ, ‘ಈಗ ಬರುತ್ತೆ, ಈಗ ಬರುತ್ತೆ’ ಎಂದು ಕಾಯುವಾಗ ಒಂದು ಭಾಗದಲ್ಲಿ; ಬಂದೇಬಿಟ್ಟಾಗ ಇನ್ನೊಂದು ಭಾಗದಲ್ಲಿ. ಕಛೇರಿಯಲ್ಲಿ ತನಿ ಆವರ್ತನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಕ್ತಾಯ ಹತ್ತಿರವಾಗುತ್ತಿದ್ದಂತೆ ಸಭೆಯ ಕೈಗಳೆಲ್ಲ ತಾಳ ಹಾಕುತ್ತ ಕಾಯುತ್ತಿರುತ್ತವಲ್ಲ, ಆ ಕಾಯುವಿಕೆಯಲ್ಲೇ ಅರ್ಧ ಸುಖವಿದೆ.

ಇಲ್ಲೂ ಹೋಲಿಕೆಯ ಜಾಣತನ ನೋಡಿ. ಇಷ್ಟದ ಹಾಡನ್ನು ಯಾವುದರ ಜೊತೆ ಹೋಲಿಸುವುದು? ಒಬ್ಬರ ಇಷ್ಟದ ಸಂಗೀತವೇ, ಅದರಿಂದ ಏನೂ ಅನ್ನಿಸದ ಇನ್ನೊಬ್ಬರಿಗೆ ಸಾದಾ ಸಂಗೀತ. ಹಾಡು ಅದೇ, ಕಿವಿ ಬೇರೆ. ಹಾಗಾಗಿ ವ್ಯತ್ಯಾಸ ಕಂಡರೆ ಅದು ಹಾಡಿನದ್ದಲ್ಲ, ಕೇಳುಗನ ಖುಷಿಯದ್ದು ಎಂದು ಧೈರ್ಯವಾಗಿ ಹೇಳಬಹುದು.

ಹಾಡು ಕೇಳುವುದು ಹೀಗಾದರೆ, ಕಲಿಯುವುದು? ನನ್ನ ತಂಗಿಯನ್ನು ಅಮ್ಮ ಸಂಗೀತ ಪಾಠಕ್ಕೆ ಸೇರಿಸಿದ್ದು ‘ಗಣಿತದಲ್ಲಿ ಚುರುಕಾಗ್ತಾಳಂತೆ’ ಎಂದು ಯಾರೋ ಹೇಳಿದ್ದನ್ನು ಕೇಳಿ. ಅಮೆರಿಕದಲ್ಲೂ ಹತ್ತರಲ್ಲಿ ಎಂಟು ಮಂದಿ ದೊಡ್ಡವರು ಹೀಗೆಯೇ ನಂಬುತ್ತಾರೆ ಎನ್ನುತ್ತದೆ ಹಾರ್ವರ್ಡ್‌ನಿಂದ 2013ರಲ್ಲಿ ಬಂದ ಕೆಲಸ. ಅದನ್ನು ಮಾಡಿದ ಸ್ಯಾಮ್ಯುಯೆಲ್ ಮೆಹರ್ ಆಗ ಡಾಕ್ಟರೇಟ್ ವಿದ್ಯಾರ್ಥಿ, ಸ್ವತಃ ಸಂಗೀತ ಓದಿ ಬಂದವರು. ನಾಲ್ಕು ವರ್ಷದ ಮಕ್ಕಳಲ್ಲಿ ಕೆಲವರಿಗೆ ಸಂಗೀತ, ಕೆಲವರಿಗೆ ಚಿತ್ರಕಲೆ ಎಂದು ಚೀಟಿ ಎತ್ತಿದಂತೆ ಹಂಚಿ ಕಲಿಸಿದರು. ಮೊದಲ ಸಲ 29 ಮಕ್ಕಳು, ಅಲ್ಲಿ ಇಲ್ಲಿ ಚೂರುಪಾರು ವ್ಯತ್ಯಾಸ. ಎರಡನೇ ಸಲ 45 ಕುಟುಂಬ, ಆ ವ್ಯತ್ಯಾಸವೂ ಇಲ್ಲ. ಸಂಗೀತವನ್ನು ಪ್ರೀತಿಸುವವನೇ ‘ಇದರಿಂದ ಬುದ್ಧಿ ಹೆಚ್ಚಿದ್ದು ಕಾಣಲಿಲ್ಲ’ ಎಂದು ಬರೆಯಲು ಎದೆ ಗಟ್ಟಿ ಬೇಕು. ಕೆಲವೇ ವಾರಗಳ ಪಾಠ ಅದು, ವರ್ಷಗಟ್ಟಲೆ ಕಲಿತರೆ ಏನೋ ಎನ್ನುವವರಿದ್ದಾರೆ, ಆ ವಾದ ಇನ್ನೂ ನಡೆದಿದೆ. ಅಮ್ಮನಿಗೆ ಇದನ್ನು ಹೇಳಿದೆ. ‘ಈಗ ಅವಳೇ ಬಿಡಲ್ಲ ಅಂತಾಳೆ ಮಾರಾಯ’ ಎಂದರು. ಗಣಿತದ ಮಾರ್ಕ್ಸ್ ಮೊದಲಿನಷ್ಟೇ ಇದೆ, ಆದರೆ ಮನೆಯಲ್ಲಿ ಸಂಜೆ ಹೊತ್ತು ಮೋಹನ ರಾಗ ಕೇಳುತ್ತದೆ. ನನ್ನ ಮಟ್ಟಿಗೆ ಸಂಗೀತಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ನಮ್ಮ ದೇಶದಲ್ಲಿ ಏನು ನಡೆಯುತ್ತಿದೆ ಎಂದೂ ಹುಡುಕಿದೆವು. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2015ರಲ್ಲಿ 12 ಹಿಂದೂಸ್ತಾನಿ ರಾಗಗಳನ್ನು ಜನರಿಗೆ ಕೇಳಿಸಿ, ಯಾವ ಭಾವನೆ ಮೂಡಿತು ಎಂದು ದಾಖಲಿಸಿದ್ದಾರೆ. ಅದೇ ರಾಗ ತಾಳವಿಲ್ಲದ ಆಲಾಪದಲ್ಲಿ ಶಾಂತವೆನಿಸಿ, ತಾಳದೊಡನೆ ಗತ್ ಶುರುವಾದಾಗ ಉಲ್ಲಾಸ ಎನಿಸುವುದುಂಟು. ರಾಗದಲ್ಲಿ ಕೋಮಲ ರಿಷಭ ಇದ್ದರೆ ದುಃಖದ ಛಾಯೆ ಬರುವ ಸಂಭವ ಹೆಚ್ಚು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಡಾ. ಶಾಂತಲಾ ಹೆಗ್ಡೆ ಅವರ ನೇತೃತ್ವದ ಮ್ಯೂಸಿಕ್ ಕಾಗ್ನಿಷನ್ ಪ್ರಯೋಗಾಲಯವಿದೆ. ಹೈದರಾಬಾದಿನ ಐಐಐಟಿಯಲ್ಲಿ ಪ್ರೊ. ವಿನೂ ಅಲ್ಲೂರಿ ಅವರ ಜೊತೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾಸ್ಟ್.ಎಫ್ಎಂ ಬಳಸುವ ಐನೂರಕ್ಕೂ ಹೆಚ್ಚು ಜನ ಕೇಳಿದ ಹಾಡುಗಳ ಪಟ್ಟಿಯನ್ನು, ಅವರೇ ತುಂಬಿದ ಮಾನಸಿಕ ಆರೋಗ್ಯದ ಪ್ರಶ್ನಾವಳಿಯ ಜೊತೆ ಇಟ್ಟು ನೋಡಿದ್ದಾರೆ. 2020ರಲ್ಲಿ ಬಂದ ಆ ಪ್ರಬಂಧದ ಪ್ರಕಾರ ಖಿನ್ನತೆಯ ಅಪಾಯದಲ್ಲಿರುವವರು ದುಃಖದ ಹಾಡುಗಳ ಕಡೆ ಹೆಚ್ಚು ವಾಲುತ್ತಾರೆ. ದುಃಖದ ಹಾಡು ಕೇಳಿ ಖಿನ್ನತೆ ಬಂತು ಎಂದು ಇದರ ಅರ್ಥವಲ್ಲ. ಬೇಸರವಾದವನು ಬೇಸರದ ಹಾಡನ್ನೇ ಹುಡುಕುತ್ತಾನಲ್ಲವೇ? ಯಾವುದು ಮೊದಲು ಎನ್ನುವುದು ಈ ಲೆಕ್ಕದಲ್ಲಿ ಸಿಗುವುದಿಲ್ಲ.

ಈ ವಿದ್ಯಾರ್ಥಿಗಳು ಬಳಸಿದ್ದು ಕಂಪ್ಯೂಟರ್ ಮತ್ತು ತಾಳ್ಮೆಯನ್ನು. ಹಾಗಿದ್ದರೆ ನಾವೂ ಮಾಡಬಹುದಲ್ಲ ಎಂದು ಹುರುಪು ಬಂತು. ಇಇಜಿ ಯಂತ್ರ ಇಲ್ಲದವರಿಗೂ ‘ಡೀಪ್’ ಎಂಬ ದತ್ತಾಂಶ ಸಂಗ್ರಹವಿದೆ. 32 ಮಂದಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು, ಒಂದೊಂದು ನಿಮಿಷದ 40 ಮ್ಯೂಸಿಕ್ ವಿಡಿಯೊ ನೋಡಿ, ಪ್ರತಿಯೊಂದಕ್ಕೂ ತಮಗೇನನ್ನಿಸಿತು ಎಂದು ಅಂಕ ಕೊಟ್ಟಿದ್ದಾರೆ. ಯುರೋಪಿನ ವಿಶ್ವವಿದ್ಯಾಲಯಗಳು ಸೇರಿ ಮಾಡಿದ ಕೆಲಸ ಇದು, ವಿವರ ಪ್ರಕಟವಾದದ್ದು 2012ರಲ್ಲಿ. ಸಂಶೋಧನೆಗೆ ಎಂದು ಕೋರಿದರೆ ಹಣವಿಲ್ಲದೆ ಸಿಗುತ್ತದೆ.

ಇದನ್ನಿಟ್ಟುಕೊಂಡು ‘ಮಿದುಳಿನ ತರಂಗ ನೋಡಿ ಭಾವನೆ ಹೇಳುವ ಯಂತ್ರ’ ಎಂಬ ಪ್ರಾಜೆಕ್ಟ್ ಮಾಡಿದವರು ಲೆಕ್ಕವಿಲ್ಲದಷ್ಟು. ರಿಪೋರ್ಟ್‌ಗಳಲ್ಲಿ 97, 98, 99 ಪರ್ಸೆಂಟ್ ನಿಖರತೆ ಎಂದು ಬರೆದಿರುತ್ತದೆ. ಆದರೆ ಎಷ್ಟೋ ಕಡೆ ಮಾಡುವುದೇನು? ಒಂದು ನಿಮಿಷದ ದಾಖಲೆಯನ್ನು ಒಂದೊಂದು ಸೆಕೆಂಡಿನ 60 ತುಂಡು ಮಾಡುತ್ತಾರೆ. ಎಲ್ಲರ ಎಲ್ಲ ತುಂಡುಗಳನ್ನು ಇಸ್ಪೀಟಿನ ಎಲೆಯಂತೆ ಕಲಸಿ, ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಲಿಯಲು, ಉಳಿದದ್ದನ್ನು ಪರೀಕ್ಷೆಗೆ ಕೊಡುತ್ತಾರೆ. ಅಂದರೆ ಒಬ್ಬನ ಹದಿನೇಳನೇ ಸೆಕೆಂಡನ್ನು ಕಲಿಸಿ, ಅವನದ್ದೇ ಹದಿನೆಂಟನೇ ಸೆಕೆಂಡನ್ನು ತೋರಿಸಿ ‘ಇದೇನು ಹೇಳು’ ಎಂದಂತೆ. ಪ್ರೋಗ್ರಾಂ ಭಾವನೆಯನ್ನು ಗುರುತಿಸುವುದೇ ಬೇಕಿಲ್ಲ. ‘ಇವನು ಆ ಮನುಷ್ಯ, ಇದು ಆ ವಿಡಿಯೊ’ ಎಂದು ಗುರುತಿಸಿದರೆ ಸಾಕು. ಪ್ರಶ್ನೆಪತ್ರಿಕೆ ಲೀಕ್ ಆದಾಗ ಬರುವ ಮಾರ್ಕ್ಸ್ ಇದ್ದ ಹಾಗೆ. ಕಲಿಯುವಾಗ ನೋಡಿಯೇ ಇರದ ಹೊಸ ವ್ಯಕ್ತಿಯನ್ನು ಪರೀಕ್ಷೆಗೆ ಇಟ್ಟರೆ ಅಂಕ ದೊಪ್ಪನೆ ಬೀಳುತ್ತದೆ. ಬಿದ್ದ ಅಂಕವೇ ನಿಜವಾದ ಅಂಕ. ಆದರೆ ವೈವಾದಲ್ಲಿ ‘60 ಪರ್ಸೆಂಟ್ ಬಂತು ಸರ್’ ಎಂದರೆ ಯಾರು ಕೇಳುತ್ತಾರೆ ಎಂಬ ಭಯ ಎಲ್ಲರಿಗೂ. ಪ್ರಾಜೆಕ್ಟ್ ಎಂದರೆ ‘ವರ್ಕ್’ ಆಗಲೇಬೇಕು, ಔಟ್‌ಪುಟ್ ಬರಲೇಬೇಕು ಎಂಬ ನಮ್ಮಲ್ಲಿನ ನಂಬಿಕೆ ಹೋಗುವವರೆಗೆ ಈ 98 ಪರ್ಸೆಂಟ್‌ಗಳು ಹೋಗುವುದಿಲ್ಲ. ಮೊಜಾರ್ಟ್‌ಗೂ ಕಥೆಗೂ ವ್ಯತ್ಯಾಸವಿಲ್ಲ ಎಂದು ಕಂಡುಕೊಂಡ ನಾಂಟೈಸ್ ಅವರ ಪ್ರಬಂಧವನ್ನು ಇಪ್ಪತ್ತೈದು ವರ್ಷ ದಾಟಿದ ಮೇಲೂ ಓದುತ್ತಾರೆ ಎನ್ನುವುದನ್ನು ನಮ್ಮ ಸಿನಾಪ್ಸಿಸ್‌ನ ಮೊದಲ ಪುಟದಲ್ಲೇ ಬರೆದಿದ್ದೇವೆ.

ಹೀಗಾಗಿ ಡೀಪ್ ಬಿಟ್ಟು, ಮಿದುಳಿನ ತರಂಗವನ್ನೂ ಬಿಟ್ಟು, ಕಾರ್ಡಿಫ್ ಮಾದರಿಯ ಸಣ್ಣ ಪ್ರಯೋಗವನ್ನೇ ಮಾಡುವುದೆಂದು ನಿರ್ಧರಿಸಿದ್ದೇವೆ. ಸೈಕೋಪೈ ಎಂಬ ಉಚಿತ ತಂತ್ರಾಂಶವಿದೆ, ಪೈಥಾನ್ ಗೊತ್ತಿದ್ದರೆ ಒಂದು ವಾರದಲ್ಲಿ ಒಲಿಯುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್, ಸದ್ದಿಲ್ಲದ ಒಂದು ಕೋಣೆ ಸಾಕು. ಕೋಣೆ ಹುಡುಕುವುದೇ ಕಷ್ಟವಾಗಿದೆ, ಆ ಮಾತು ಬೇರೆ. ಬರುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ, ಬೇಡವೆನಿಸಿದರೆ ಮಧ್ಯದಲ್ಲೇ ಎದ್ದು ಹೋಗುವ ಸ್ವಾತಂತ್ರ್ಯ, ಯಾರ ಹೆಸರೂ ಬರೆದುಕೊಳ್ಳದಿರುವುದು, ಇವೆಲ್ಲಕ್ಕೂ ಗೈಡ್ ಒಪ್ಪಿದ್ದಾರೆ. ‘ಏನೂ ವ್ಯತ್ಯಾಸ ಬರದಿದ್ದರೆ?’ ಎಂದು ಕೇಳಿದರು. ‘ಬರಲಿಲ್ಲ ಎಂದೇ ಬರೆಯುತ್ತೇವೆ ಸರ್’ ಎಂದೆವು. ಸ್ವಲ್ಪ ಹೊತ್ತು ನೋಡಿ, ‘ಸರಿ, ಹಾಗಾದ್ರೆ ಎಷ್ಟು ಜನರನ್ನು ಕೂರಿಸ್ತೀರಿ ಅನ್ನೋದನ್ನ ಈಗಲೇ ಬರೆದು ಕೊಡಿ. ಆಮೇಲೆ ಬದಲಾಯಿಸೋ ಹಾಗಿಲ್ಲ’ ಎಂದರು.

ನಾಲ್ಕು ಸನ್ನಿವೇಶ ಇಟ್ಟುಕೊಂಡಿದ್ದೇವೆ. ಮೌನ, ಫ್ಯಾನಿನ ಸದ್ದು, ಕನ್ನಡ ಸಿನಿಮಾ ಹಾಡು, ಮತ್ತು ಅದೇ ಹಾಡು ಕೊಳಲಿನಲ್ಲಿ. ಮಾತು ಇರುವುದಕ್ಕೂ ಇಲ್ಲದ್ದಕ್ಕೂ ಹೋಲಿಕೆ ಸಿಗಲಿ ಎಂದು ಕೊನೆಯ ಎರಡು. ಕಳೆದ ವಾರ ನಾವು ನಾಲ್ವರೇ ಕೂತು ಟ್ರಯಲ್ ನೋಡುವಾಗ ಒಂದು ಸಮಸ್ಯೆ ಎದ್ದಿತು. ಗೊತ್ತಿರುವ ಹಾಡನ್ನು ಕೊಳಲಿನಲ್ಲಿ ಕೇಳಿದರೆ ತಲೆಯೊಳಗೆ ಸಾಹಿತ್ಯ ತಾನಾಗಿಯೇ ಹಾಡಿಕೊಳ್ಳುತ್ತದೆ. ಹೊರಗೆ ಮಾತಿಲ್ಲ, ಒಳಗೆ ಇದೆ. ಹಾಗಾದರೆ ಅದು ಮಾತಿಲ್ಲದ ಸಂಗೀತ ಹೇಗಾಯಿತು? ಯಾರೂ ಕೇಳಿರದ ಹಾಡು ಬೇಕು, ಆದರೆ ಕೇಳಲು ಚೆನ್ನಾಗಿಯೂ ಇರಬೇಕು. ಸಿವಿಲ್ ವಿಭಾಗದಲ್ಲಿ ಸ್ವಂತವಾಗಿ ಹಾಡು ಕಟ್ಟುವ ಹುಡುಗನೊಬ್ಬನಿದ್ದಾನಂತೆ. ಇಂಟರ್ನಲ್ಸ್ ಮುಗಿದ ತಕ್ಷಣ ಅವನನ್ನು ಹಿಡಿಯಬೇಕು.